ಹಂಚಿನ ಮಾಡಿನ ಕೆಳಗಿನ ಬಣ್ಣ: ಸೈಪ್ರಸ್ ಬೆಟ್ಟಗಳಲ್ಲಿ ನಾಲ್ಕು ದಿನ

ಮೊದಲ ದಿನ: ನಿಕೋಸಿಯಾ

ಮಗಳು ಲಿಮಾಸೋಲ್‌ನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಫೋನು ಮಾಡಿದಾಗೆಲ್ಲ “ಅಮ್ಮ, ಸಮುದ್ರ ನೋಡಕ್ಕಾದ್ರೂ ಬಾ” ಅನ್ನುತ್ತಿದ್ದಳು. ಸಮುದ್ರ ನಮಗೆ ಹೊನ್ನಾವರಕ್ಕೆ ಇಳಿದರೆ ಸಿಗುತ್ತದೆ. ನಾನು ಸೈಪ್ರಸ್‌ಗೆ ಹೋದದ್ದು ಗೋಡೆ ನೋಡಲಿಕ್ಕೆ. ಸಾಗರದ ಕಡೆ ಶಾಲೆಯಲ್ಲಿ 29 ವರ್ಷ ಡ್ರಾಯಿಂಗ್ ಕಲಿಸಿದವಳು ನಾನು. ಯಾವತ್ತೋ ಒಂದು ಹಳೆಯ ಕಲಾ ಪುಸ್ತಕದಲ್ಲಿ ಬಿಳಿ ಕುದುರೆ ಏರಿದ ಸಂತನೊಬ್ಬನ ಚಿತ್ರ ನೋಡಿದ್ದೆ. ಕೆಳಗೆ ‘ಆಸಿನು, ಸೈಪ್ರಸ್’ ಅಂತ ಇತ್ತು. ಆ ಹೆಸರು ತಲೆಯಲ್ಲಿ ಉಳಿದುಬಿಟ್ಟಿತ್ತು.

ಟ್ರೂಡೋಸ್ ಬೆಟ್ಟಸಾಲಿನ ಹಳ್ಳಿಗಳಲ್ಲಿ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕಾಲದ, ಮತ್ತು ಅದರ ನಂತರವೂ ಅದೇ ಸಂಪ್ರದಾಯದಲ್ಲಿ ಬರೆಸಿದ ಭಿತ್ತಿಚಿತ್ರಗಳ ಚರ್ಚುಗಳಿವೆ. ಅವುಗಳಲ್ಲಿ ಒಂಬತ್ತನ್ನು ಯುನೆಸ್ಕೋ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಹತ್ತನೆಯದನ್ನು 2001ರಲ್ಲಿ. ಹತ್ತನ್ನೂ ನೋಡುವ ಆಸೆ ನನಗಿರಲಿಲ್ಲ. ನಾಲ್ಕೈದು ನೋಡಿದರೆ ಸಾಕು, ಆದರೆ ನಿಧಾನವಾಗಿ ನೋಡಬೇಕು ಅಂತ ಮಗಳಿಗೆ ಮೊದಲೇ ಹೇಳಿದ್ದೆ.

ಬೆಟ್ಟಕ್ಕೆ ಹೋಗುವ ಮೊದಲು ಒಂದು ದಿನ ರಾಜಧಾನಿ ನಿಕೋಸಿಯಾದಲ್ಲಿ ಉಳಿದೆವು. 1974ರ ಯುದ್ಧದಿಂದ ದ್ವೀಪ ಇಬ್ಭಾಗ, ಉತ್ತರಕ್ಕೆ ತುರ್ಕರು, ದಕ್ಷಿಣಕ್ಕೆ ಗ್ರೀಕರು. ಈ ನಗರವೂ ಹಾಗೇ ಎರಡು ಪಾಲು. ಪೇಟೆಯ ಬೀದಿಯಲ್ಲಿ ನಡೆಯುತ್ತಾ ನಡೆಯುತ್ತಾ ಇದ್ದಕ್ಕಿದ್ದಂತೆ ಪಾಸ್‌ಪೋರ್ಟ್ ತೋರಿಸುವ ಗೂಡು ಎದುರಾಗುತ್ತದೆ. ನಾವು ದಾಟಲಿಲ್ಲ. ಕೋಟೆಯೊಳಗಿನ ಹಳೆ ಊರಿನಲ್ಲಿ ಆರ್ಚ್‌ಬಿಷಪ್ ಅರಮನೆಯ ಪಕ್ಕದ ಬೈಜಾಂಟೈನ್ ಮ್ಯೂಸಿಯಮ್ಮಿಗೆ ಹೋದೆವು.

ಅಲ್ಲಿ ಲಿಸಿ ಎಂಬ ಹಳ್ಳಿಯ ಪುಟ್ಟ ಚರ್ಚಿನ 13ನೇ ಶತಮಾನದ ಚಿತ್ರಗಳಿವೆ. ಗುಮ್ಮಟದೊಳಗಿನ ಕ್ರಿಸ್ತ, ಸುತ್ತ ದೇವದೂತರು, ಇನ್ನೊಂದರಲ್ಲಿ ತಾಯಿ ಮರಿಯ. ಲಿಸಿ ಇರುವುದು ಉತ್ತರ ಭಾಗದಲ್ಲಿ. 1974ರ ನಂತರ ಕಳ್ಳರು ಆ ಚರ್ಚಿಗೆ ನುಗ್ಗಿ ಚಿತ್ರಗಳನ್ನು 38 ತುಂಡು ಮಾಡಿ ಕಿತ್ತು ಸಾಗಿಸಿದರು. ಮಾರಾಟಕ್ಕೆ ಬಂದಾಗ ಅಮೆರಿಕದ ಹ್ಯೂಸ್ಟನ್ನಿನ ಮೆನಿಲ್ ಸಂಗ್ರಹದವರು ಸೈಪ್ರಸ್ ಚರ್ಚಿನ ಒಪ್ಪಿಗೆ ಪಡೆದು, ಅದರ ಪರವಾಗಿಯೇ ಕೊಂಡು, ದುರಸ್ತಿ ಮಾಡಿಸಿದರು. 1997ರಿಂದ 2012ರವರೆಗೆ ಅವುಗಳಿಗೆಂದೇ ಕಟ್ಟಿಸಿದ ಗುಡಿಯಲ್ಲಿಟ್ಟು, ಆಮೇಲೆ ಹಿಂದಿರುಗಿಸಿದರು. ಅವರ ಉಪಕಾರ ದೊಡ್ಡದು. ಆದರೂ ನಾನು ಕ್ರಿಸ್ತನ ಮುಖ ನೋಡುವುದು ಬಿಟ್ಟು ತುಂಡುಗಳು ಕೂಡಿದ ಗೆರೆಗಳನ್ನೇ ಹುಡುಕುತ್ತಾ ನಿಂತುಬಿಟ್ಟೆ. ಒಂದು ಕಡೆ ಹೊಲಿಗೆ ಗೊತ್ತಾಗುತ್ತದೆ, ಇನ್ನೊಂದು ಕಡೆ ಗೊತ್ತಾಗುವುದಿಲ್ಲ. ಇದೇ ಮ್ಯೂಸಿಯಮ್ಮಿನಲ್ಲಿ ಲಿಥ್ರಂಗೋಮಿ ಹಳ್ಳಿಯ ಕನಕರಿಯಾ ಚರ್ಚಿನ 6ನೇ ಶತಮಾನದ ಮೊಸಾಯಿಕ್ ತುಂಡುಗಳೂ ಇವೆ. ಅವನ್ನು ವಾಪಸ್ ಪಡೆಯಲು ಚರ್ಚಿನವರು ಅಮೆರಿಕದ ಇಂಡಿಯಾನಾಪೊಲಿಸ್ ಕೋರ್ಟಿನಲ್ಲಿ ದಾವೆ ಹೂಡಿ 1989ರಲ್ಲಿ ಗೆದ್ದರು.

ಚಿತ್ರಗಳು ಉಳಿದಿವೆ. ಅವುಗಳ ಊರು, ಬಾಗಿಲು, ಬಾಗಿಲಿನಿಂದ ಬರುತ್ತಿದ್ದ ಬೆಳಕು ಜೊತೆಗಿಲ್ಲ. ರಾತ್ರಿ ಮಲಗಿದಾಗಲೂ ಅದೇ ಕಾಡುತ್ತಿತ್ತು.

ಎರಡನೆಯ ದಿನ: ಆಸಿನು

ಸೈಪ್ರಸ್ 1960ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಹಾಗಾಗಿ ಗಾಡಿ ಓಡಿಸುವುದು ನಮ್ಮಂತೆ ಎಡಗಡೆಗೇ. ಮಗಳು ಸರಾಗವಾಗಿ ಓಡಿಸಿದಳು. ಪೆರಿಸ್ಟೆರೋನಾದ ಐದು ಗುಮ್ಮಟದ ಚರ್ಚನ್ನು ಕಿಟಕಿಯಿಂದಲೇ ನೋಡಿ ಮುಂದೆ ಹೋದೆವು. ಮಾರ್ಚ್ ತಿಂಗಳು, ಎರಡೂ ಬದಿ ಹಸಿರು ಗೋಧಿ ಹೊಲ. ನಿಕಿತಾರಿ ಹಳ್ಳಿ ದಾಟಿದ ಮೇಲೆ ರಸ್ತೆ ಕಣಿವೆಯೊಳಗೆ ತಿರುಗುತ್ತದೆ, ಪೈನ್ ಮರಗಳು ಶುರುವಾಗುತ್ತವೆ. ನಾಲ್ಕೈದು ಕಿಲೋಮೀಟರ್ ಹೋದರೆ ಒಂದು ದಿಬ್ಬದ ಮೇಲೆ ಆಸಿನು ಚರ್ಚು.

ಮೊದಲ ನೋಟಕ್ಕೆ ನನಗೆ ಅದು ಚರ್ಚು ಅನ್ನಿಸಲಿಲ್ಲ. ಕಲ್ಲಿನ ಗೋಡೆ, ಅದರ ಮೇಲೆ ಕಡಿದಾಗಿ ಇಳಿಬಿಟ್ಟ ಹಂಚಿನ ಮಾಡು. ನಮ್ಮ ಕಡೆಯ ಹಳೇ ಮನೆ, ದೊಡ್ಡ ಕೊಟ್ಟಿಗೆ, ಯಾವುದಾದರೂ ಆಗಬಹುದಿತ್ತು. ಒಳಗೆ ಕಲ್ಲಿನ ಕಮಾನು ಚಾವಣಿ ಇದೆ, ಹೊರಗೆ ಅದರ ಮೇಲೆ ಮರದ ಮಾಡು ಕಟ್ಟಿ ಕೊಕ್ಕೆಯ ಚಪ್ಪಟೆ ಹಂಚು ಹೊದಿಸಿದ್ದಾರೆ. ಈ ಬೆಟ್ಟಗಳಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ, ಮಳೆಯೂ ಜೋರು. ಇಷ್ಟು ಕಡಿದಾದ ಮಾಡಿದ್ದರೆ ನೀರೂ ಹಿಮವೂ ನಿಲ್ಲುವುದಿಲ್ಲ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗಿನ ಬಣ್ಣ ಒಂಬೈನೂರು ವರ್ಷ ಉಳಿದಿದ್ದರೆ ಅದರಲ್ಲಿ ಬಡಗಿಯ ಪಾಲು ಚಿತ್ರಕಾರನ ಪಾಲಿಗಿಂತ ಕಡಿಮೆಯಿಲ್ಲ.

ಬಾಗಿಲು ಹಾಕಿತ್ತು. ನೋಡಿಕೊಳ್ಳುವವರು ಬರುವ ತನಕ ಹೊರಗೆ ಕೂತೆವು. ಈ ಚರ್ಚಿನ ಪೂರ್ತಿ ಹೆಸರು ‘ಪನಯಿಯಾ ಫೊರ್ವಿಯೋಟಿಸ್ಸಾ’. ಪನಯಿಯಾ ಎಂದರೆ ಸಕಲ ಪವಿತ್ರೆ, ತಾಯಿ ಮರಿಯ. ಫೊರ್ವಿಯಾ ಎಂಬುದು ಇಲ್ಲಿದ್ದ ಮಠದ ಹೆಸರು, ಅದು ಒಂದು ಗಿಡದಿಂದ ಬಂದದ್ದು ಅಂತಾರೆ. ಯೂಫೋರ್ಬಿಯಾ, ಅಂದರೆ ನಮ್ಮ ಹಾಲುಗಳ್ಳಿಯ ಜಾತಿ. ಕಲ್ಲುಸಂದಿಯಲ್ಲಿ ಹಳದಿ ಮಿಶ್ರಿತ ಹಸಿರು ಹೂ ಬಿಟ್ಟ ಅಂಥದೊಂದು ಗಿಡ ಕಂಡಿತು. ಎಲೆ ಮುರಿದರೆ ಬೆಳ್ಳಗೆ ಹಾಲು. ಕಳ್ಳಿಗಿಡದ ತಾಯಿ! ನಮ್ಮಲ್ಲೂ ಹುತ್ತ, ಮರ, ಪೊದೆಯ ಹೆಸರಿನ ಅಮ್ಮಂದಿರು ಎಷ್ಟಿಲ್ಲ.

ಅರ್ಧ ಗಂಟೆಯ ಮೇಲೆ ವಯಸ್ಸಾದ ಒಬ್ಬರು ಬಂದು “ಕಲಿಮೆರಾ” ಎಂದು ಬೀಗ ತೆಗೆದರು. ಒಳಗೆ ಫೋಟೋ ತೆಗೆಯುವಂತಿಲ್ಲ. ನನಗೆ ಅದು ಒಳ್ಳೆಯದೇ ಆಯಿತು, ಕಣ್ಣಿಗಷ್ಟೇ ಕೆಲಸ.

ಒಂದೆರಡು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಕತ್ತಲೆಯಿಂದ ಮೊದಲು ಕೆಂಪು ಬಂತು, ನಂತರ ಹಳದಿ, ಕೊನೆಗೆ ನೀಲಿ. ನೆಲದ ಹತ್ತಿರದಿಂದ ನೆತ್ತಿಯವರೆಗೆ ಚಿತ್ರವಿಲ್ಲದ ಜಾಗವೇ ಇಲ್ಲವೆನ್ನಬೇಕು. ನಮ್ಮ ಗುಡಿಯ ಮಾತಿನಲ್ಲಿ ಹೇಳುವುದಾದರೆ ಒಂದು ಮುಖಮಂಟಪ, ಒಂದು ಅಂಕಣ, ತುದಿಗೆ ಗರ್ಭಗುಡಿ. ಅಷ್ಟೇ ಚಿಕ್ಕದು. ನಲವತ್ತು ಮಕ್ಕಳ ಒಂದು ತರಗತಿ ಕೂತರೆ ತುಂಬಿಹೋದೀತು.

ಒಳಗಿನ ಶಾಸನ ಇದನ್ನು ನಿಕಿಫೊರೋಸ್ ಇಸ್ಕಿರಿಯೋಸ್ ಎಂಬ ಉನ್ನತ ಅಧಿಕಾರಿ ಅಲೆಕ್ಸಿಯೋಸ್ ಕೊಮ್ನೆನೋಸ್ ಚಕ್ರವರ್ತಿಯ ಕಾಲದಲ್ಲಿ ಬರೆಸಿದನೆಂದು ಹೇಳುತ್ತದೆ. ವರ್ಷ 6614. ಬೈಜಾಂಟೈನರು ಲೋಕಸೃಷ್ಟಿಯಿಂದ ವರ್ಷ ಎಣಿಸುತ್ತಿದ್ದರು, ನಮ್ಮ ಲೆಕ್ಕಕ್ಕೆ ಅದು ಕ್ರಿ.ಶ. 1105-06. ಆಗ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ. ಒಂದು ಚಿತ್ರದಲ್ಲಿ ನಿಕಿಫೊರೋಸ್ ತಾನು ಕಟ್ಟಿಸಿದ ಚರ್ಚಿನ ಮಾದರಿಯನ್ನು ಕೈಯಲ್ಲಿ ಹಿಡಿದು, ತಾಯಿ ಮರಿಯಳ ಮೂಲಕ ಕ್ರಿಸ್ತನಿಗೆ ಒಪ್ಪಿಸುತ್ತಿದ್ದಾನೆ. ಅವನ ಹಿಂದೆ ಗೆಫಿರಾ ಎಂಬ ಹೆಣ್ಣುಮಗಳು. ಹೆಂಡತಿಯೋ ಮಗಳೋ, ಬಲ್ಲವರಲ್ಲೇ ಒಮ್ಮತವಿಲ್ಲ.

ಎಲ್ಲವೂ ಒಂದೇ ಕಾಲದ ಚಿತ್ರಗಳಲ್ಲ. ಮುಖಮಂಟಪವನ್ನು 12ನೇ ಶತಮಾನದ ಕೊನೆಯ ಭಾಗದಲ್ಲಿ ಸೇರಿಸಿದರು. ಒಳಗೂ 14ನೇ ಶತಮಾನದಲ್ಲಿ ಕೆಲವು ಭಾಗಗಳನ್ನು ಮತ್ತೆ ಬರೆಸಿದರು. ಹಳೆಯದು ಯಾವುದು ಹೊಸದು ಯಾವುದು ಅಂತ ಗುರುತಿಸುವುದನ್ನು ಆ ಹಿರಿಯರು ನನಗೆ ಕೈಸನ್ನೆಯಲ್ಲೇ ಕಲಿಸಿಕೊಟ್ಟರು. ಹಳೆಯ ಕೈ ಮೃದು, ಬಟ್ಟೆಯ ಮಡಿಕೆ ತೆಳು. ಹೊಸ ಕೈಯಲ್ಲಿ ಗೆರೆ ಗಟ್ಟಿ, ಕಣ್ಣು ಅಗಲ.

ಗರ್ಭಗುಡಿಯ ಅರೆದುಂಡು ಗೋಡೆಯಲ್ಲಿ ಕ್ರಿಸ್ತ ತನ್ನ ಶಿಷ್ಯರಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕೊಡುತ್ತಿದ್ದಾನೆ. ಎಲ್ಲರೂ ಅವನ ಕಡೆಗೆ ಬಾಗಿ ಸಾಲಾಗಿ ಬರುತ್ತಿದ್ದರೆ, ಒಬ್ಬ ಮಾತ್ರ ಮುಖ ತಿರುಗಿಸಿ ಹೊರಟಿದ್ದಾನೆ. ಅವನು ಕ್ರಿಸ್ತನನ್ನು ಹಿಡಿದುಕೊಟ್ಟ ಯೂದ. ಯಾರೂ ಅವನನ್ನು ತಡೆಯುತ್ತಿಲ್ಲ. ಸಾಲು ಹಾಗೇ ಮುಂದುವರಿದಿದೆ.

ಪಶ್ಚಿಮದ ತುದಿಯಲ್ಲಿ ಸೆಬಾಸ್ಟೆಯ ನಲವತ್ತು ಹುತಾತ್ಮರು. ನಂಬಿಕೆ ಬಿಡಲು ಒಪ್ಪದ ನಲವತ್ತು ಸೈನಿಕರನ್ನು ರೋಮನ್ ಅಧಿಕಾರಿಗಳು ಹೆಪ್ಪುಗಟ್ಟಿದ ಕೆರೆಯ ಮೇಲೆ ಬಟ್ಟೆ ಕಳಚಿ ನಿಲ್ಲಿಸಿದರಂತೆ. ದಡದಲ್ಲಿ ಬಿಸಿನೀರಿನ ಬಚ್ಚಲು, ಸೋತವನು ಅಲ್ಲಿಗೆ ಹೋಗಬಹುದು. ಒಬ್ಬ ಹೋದ. ಅದನ್ನು ನೋಡಿದ ಕಾವಲುಗಾರ ತನ್ನ ಬಟ್ಟೆ ಕಳಚಿ ಅವನ ಜಾಗಕ್ಕೆ ಬಂದು ನಿಂತ, ಲೆಕ್ಕ ಮತ್ತೆ ನಲವತ್ತಾಯಿತು. ಗೋಡೆಯ ಮೇಲೆ ಆ ಬೆತ್ತಲೆ ದೇಹಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕುಸಿಯುತ್ತಿರುವವನನ್ನು ಪಕ್ಕದವನು ಆತುಕೊಂಡಿದ್ದಾನೆ. ಮಕ್ಕಳಿಗೆ ಗುಂಪು ಬಿಡಿಸುವುದನ್ನು ಕಲಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಎಲ್ಲರೂ ಬೇರೆ ಬೇರೆ ನಿಂತುಬಿಡುತ್ತಾರೆ. ಇಲ್ಲಿ ಯಾರೂ ಬೇರೆಯಿಲ್ಲ, ಆದರೆ ಒಂದು ಮುಖದಂತೆ ಇನ್ನೊಂದಿಲ್ಲ.

ಆ ಹಿರಿಯರು ಟಾರ್ಚನ್ನು ಗೋಡೆಗೆ ಅಡ್ಡವಾಗಿ ಹಿಡಿದರು. ಸಂತನೊಬ್ಬನ ತಲೆಯ ಸುತ್ತಲಿನ ಪ್ರಭಾವಳಿಯ ಅಂಚು ಬಣ್ಣದ್ದಷ್ಟೇ ಅಲ್ಲ, ಗಾರೆಯಲ್ಲಿ ಕೊರೆದ ಗೆರೆ. ಗಾರೆ ಇನ್ನೂ ಹಸಿಯಿರುವಾಗ ಕೈವಾರದಂಥ ಸಾಧನ ಇಟ್ಟು ತಿರುಗಿಸಿದ್ದು. ನಾನು ಕರಿಹಲಗೆಯ ಮೇಲೆ ದಾರ ಕಟ್ಟಿದ ಸೀಮೆಸುಣ್ಣದಲ್ಲಿ ವೃತ್ತ ಎಳೆಯುತ್ತಿದ್ದುದು ನೆನಪಾಗಿ ಕೈ ತಾನಾಗಿ ತಿರುಗಿತು.

ಈ ಚಿತ್ರವಿದ್ಯೆಯ ಗುಟ್ಟೆಲ್ಲ ಆ ಹಸಿತನದಲ್ಲಿದೆ. ಸುಣ್ಣದ ಗಾರೆ ಬಳಿದು, ಅದು ಒಣಗುವ ಮೊದಲು ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ಅಂದರೆ ಚಿತ್ರ ಗೋಡೆಯ ಮೇಲಿರುವುದಿಲ್ಲ, ಗೋಡೆಯೇ ಆಗಿರುತ್ತದೆ. ಲಿಸಿಯ ಕಳ್ಳರು ಗೋಡೆಯ ಮೈಯನ್ನೇ ಸುಲಿಯಬೇಕಾಗಿ ಬಂದದ್ದು ಅದಕ್ಕೇ. ಬಣ್ಣದ ವಿಷಯದಲ್ಲೂ ಸೈಪ್ರಸ್ ಪುಣ್ಯವಂತ ನೆಲ. ತಾಮ್ರಕ್ಕೆ ಲ್ಯಾಟಿನ್ನಿನಲ್ಲಿ ಬಂದ ಕುಪ್ರುಮ್ ಎಂಬ ಹೆಸರೇ ಈ ದ್ವೀಪದ್ದು. ತಾಮ್ರದ ಗಣಿಗಳಿರುವ ಇದೇ ಬೆಟ್ಟಗಳ ಬುಡದಲ್ಲಿ ಹಸಿರು ಮಣ್ಣು, ಕಂದು ಬಣ್ಣದ ಅಂಬರ್ ಮಣ್ಣು ಸಿಗುತ್ತವೆ. ಬೈಜಾಂಟೈನ್ ಚಿತ್ರಕಾರರು ಮುಖ ಬರೆಯುವಾಗ ಅಡಿಗೆ ಹಸಿರು ಹಚ್ಚಿ, ಅದರ ಮೇಲೆ ಮೈಬಣ್ಣ ಕಟ್ಟುತ್ತಿದ್ದರು. ಕೆನ್ನೆಯ ನೆರಳಲ್ಲಿ ಆ ಹಸಿರು ಇಣುಕುತ್ತಿದ್ದುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ.

ಕೊನೆಗೆ ಮುಖಮಂಟಪದಲ್ಲಿ ನನ್ನ ಕುದುರೆ. ಸಂತ ಜಾರ್ಜ್, ಬಿಳಿ ಕುದುರೆಯ ಮೇಲೆ. ಪುಸ್ತಕದಲ್ಲಿ ಬೆರಳುದ್ದ ಇದ್ದದ್ದು ಇಲ್ಲಿ ಗೋಡೆ ತುಂಬಿದೆ. ಈ ಚಿತ್ರ ಬರೆಸಿದವನು ದೊರೆಯಲ್ಲ, ಕುದುರೆಗಳಿಗೆ ಔಷಧ ಮಾಡುತ್ತಿದ್ದ ಇನ್ನೊಬ್ಬ ನಿಕಿಫೊರೋಸ್ ಎಂದು ತಿಳಿದಾಗ ನನಗೆ ಗಂಟಲುಬ್ಬಿತು. ಎಷ್ಟು ಕುದುರೆಗಳ ಗೊರಸು ಹಿಡಿದು ನೋಡಿದ ಕೈಯೋ! ತನಗೆ ಗೊತ್ತಿದ್ದ ಪ್ರಾಣಿಯನ್ನೇ ದೇವರಿಗೆ ಕೊಟ್ಟಿದ್ದಾನೆ.

ಮುಖಮಂಟಪದ ಉಳಿದ ಚಿತ್ರಗಳು ಬಹುಪಾಲು 1332-33ರವು. ಗುಮ್ಮಟದಲ್ಲಿ ಕ್ರಿಸ್ತ, ಕೆಳಗೆಲ್ಲ ಕೊನೆಯ ತೀರ್ಪಿನ ದಿನ. ಸಿಂಹದ ಮೇಲೆ ಕೂತ ಹೆಂಗಸು ಭೂಮಿ, ಕೈಯಲ್ಲಿ ಹಡಗು ಹಿಡಿದು ಜಲಚರದ ಮೇಲೆ ಕೂತವಳು ಸಮುದ್ರ. ಇಬ್ಬರೂ ತಮ್ಮಲ್ಲಿರುವ ಸತ್ತವರನ್ನು ಅಂದು ಒಪ್ಪಿಸಬೇಕು. ಒಂದು ಕಮಾನಿನ ಒಳಮೈಯಲ್ಲಿ ಎರಡು ಬೇಟೆನಾಯಿಗಳಿವೆ. ತೀರ್ಪಿನ ದಿನಕ್ಕೂ ಅವಕ್ಕೂ ಏನು ಸಂಬಂಧವೋ, ಅಷ್ಟು ಮುದ್ದಾಗಿವೆ.

1960ರ ದಶಕದಲ್ಲಿ ಅಮೆರಿಕದ ಡಂಬರ್ಟನ್ ಓಕ್ಸ್ ಸಂಸ್ಥೆಯವರು ಮೇಣದ ಬತ್ತಿಯ ಮಸಿಯನ್ನೆಲ್ಲ ತೆಗೆದು ಇಲ್ಲಿನ ಚಿತ್ರಗಳನ್ನು ಶುಚಿ ಮಾಡಿದ್ದರು. ಆ ತಾಳ್ಮೆಯ ಕೈಗಳಿಗೂ ಮನಸ್ಸಿನಲ್ಲೇ ಕೈಮುಗಿದೆ.

ಊಟಕ್ಕೆ ಹಳ್ಳಿಯ ಹೋಟೆಲು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಮಾಂಸ, ಹಾಲು, ಮೊಟ್ಟೆ ಬಿಟ್ಟ ಅಡುಗೆ ಎಲ್ಲ ಕಡೆ ಸಿಗುತ್ತದೆ. ಬೇಯಿಸಿದ ಅಲಸಂದೆ ಕಾಳು, ಸೊಪ್ಪು, ಮೇಲೆ ಆಲಿವ್ ಎಣ್ಣೆ, ನಿಂಬೆಹುಳಿ. ಅದಕ್ಕೆ ‘ಲೂವಿ’ ಅಂತಾರೆ. ಒಗ್ಗರಣೆಯೊಂದು ಇದ್ದಿದ್ದರೆ ನಮ್ಮ ಮನೆಯ ಪಲ್ಯವೇ.

ಮೂರನೆಯ ದಿನ: ಕಕೋಪೇಟ್ರಿಯಾ, ಲಗುದೆರಾ

ಗಲಾಟಾ ಹಳ್ಳಿಯ ಪೊದಿಥು ಚರ್ಚು 1502ರದು. ಇಟಲಿಯ ಪ್ರಭಾವ ಎದ್ದು ಕಾಣುತ್ತದೆ. ಚೆನ್ನಾಗಿದೆ, ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕಕೋಪೇಟ್ರಿಯಾದ ಸಂತ ನಿಕೋಲಾಸನ ಚರ್ಚಿಗೆ ಊರವರು ಇಟ್ಟ ಹೆಸರು ‘ಮಾಡಿನ ನಿಕೋಲಾಸ’. ಗುಮ್ಮಟದ ಮೇಲೂ ಇಳಿಜಾರು ಮಾಡು ಹೊದಿಸಿದ್ದಕ್ಕೆ ಆ ಹೆಸರು. ಒಳಗೆ 11ನೇ ಶತಮಾನದಿಂದ 17ನೇ ಶತಮಾನದವರೆಗೆ ಒಂದರ ಪಕ್ಕ ಒಂದು ಬರೆಸಿದ ಚಿತ್ರಗಳು. ಕ್ರಿಸ್ತ ಹುಟ್ಟಿದ ಚಿತ್ರದಲ್ಲಿ ತಾಯಿ ಮಗುವಿಗೆ ಮೊಲೆ ಕೊಡುತ್ತಿದ್ದಾಳೆ. ಮಗಳೂ ನಾನೂ ಮಾತಾಡದೆ ನಿಂತೆವು.

ಹಳೆ ಬೀದಿಯ ಅಂಗಡಿಯಲ್ಲಿ ಅಜ್ಜಿಯೊಬ್ಬರು ಎಳೆಯ ಅಕ್ರೋಟನ್ನು ಸಿಪ್ಪೆಸಮೇತ ಸಕ್ಕರೆ ಪಾಕದಲ್ಲಿ ಹಾಕಿದ್ದನ್ನು ಒಂದು ಚಮಚ ತಟ್ಟೆಯಲ್ಲಿಟ್ಟು, ಜೊತೆಗೆ ಒಂದು ಲೋಟ ತಣ್ಣೀರು ಕೊಟ್ಟರು. ಬಂದವರಿಗೆ ಮೊದಲು ಸಿಹಿ, ನೀರು. “ಅಮ್ಮ, ಬೆಲ್ಲ ನೀರು!” ಅಂದಳು ಮಗಳು. ನಾನು ಬೆಲ್ಲ ನೀರಿನ ಕಥೆಯನ್ನು ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅಜ್ಜಿ ಇನ್ನೊಂದು ಅಕ್ರೋಟು ಹಾಕಿದರು.

ಲಗುದೆರಾಕ್ಕೆ ಹೋಗುವ ರಸ್ತೆ ನಮ್ಮ ಘಾಟಿಯಂತೆ ತಿರುವುಮುರುವು. ಅಲ್ಲಿನ ಚರ್ಚು ‘ಪನಯಿಯಾ ತು ಅರಾಕು’. ಇದೂ ಗಿಡದ ಹೆಸರೇ, ಬಟಾಣಿ ಜಾತಿಯದು. ಹೊರಗೆ ಸುತ್ತಲೂ ಮರದ ಜಾಲರಿ, ಮೇಲೆ ಅದೇ ಕಡಿದಾದ ಮಾಡು.

ಇಲ್ಲಿನ ಚಿತ್ರಗಳು 1192ರ ಡಿಸೆಂಬರಿನಲ್ಲಿ ಮುಗಿದವು. ಅದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನ ದೊರೆ ರಿಚರ್ಡ್ ಧರ್ಮಯುದ್ಧಕ್ಕೆ ಹೋಗುವ ದಾರಿಯಲ್ಲಿ ಈ ದ್ವೀಪವನ್ನು ಗೆದ್ದಿದ್ದ. ಗೆದ್ದು ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳಿಗೆ ಮಾರಿದ, 1192ರಲ್ಲಿ ಅದು ಫ್ರಾನ್ಸಿನ ಲುಸಿನ್ಯಾನ್ ವಂಶದ ಕೈಸೇರಿತು. ಬೈಜಾಂಟೈನ್ ಆಳ್ವಿಕೆ ಶಾಶ್ವತವಾಗಿ ಮುಗಿದ ಮರುವರ್ಷವೇ ಬೆಟ್ಟದ ಮೇಲೊಬ್ಬ ಲಿಯೋನ್ ಎಂಬ ಭಕ್ತ ಬೈಜಾಂಟೈನ್ ಕಲೆಯ ಅತ್ಯುತ್ತಮ ಚಿತ್ರಗಳನ್ನು ಬರೆಸಿದ್ದಾನೆ. ಚಿತ್ರಕಾರ ಥಿಯೊಡೊರೋಸ್ ಅಪ್ಸೆವ್ದಿಸ್ ಇರಬೇಕು ಎಂದು ವಿದ್ವಾಂಸರ ಊಹೆ. ಪಾಫೋಸ್ ಬಳಿ ಸಂತ ನಿಯೊಫಿಟೋಸ್ ವಾಸವಿದ್ದ ಗುಹೆಯಲ್ಲಿ 1183ರಲ್ಲಿ ಚಿತ್ರ ಬರೆದು ಹೆಸರು ಹಾಕಿದವನು ಅವನು.

ದಕ್ಷಿಣದ ಗೋಡೆಯಲ್ಲಿ ನಿಂತ ತಾಯಿ, ತೋಳಿನಲ್ಲಿ ಮಗು. ಎರಡು ಬದಿ ದೇವದೂತರು ಮುಂದೆ ಆ ಮಗುವಿನ ಸಾವಿಗೆ ಬೇಕಾಗುವ ವಸ್ತುಗಳನ್ನು ಈಗಲೇ ಹಿಡಿದು ತಂದಿದ್ದಾರೆ. ತಾಯಿಗೆ ಗೊತ್ತು. ಅವಳು ಅಳುತ್ತಿಲ್ಲ. ಎದುರು ಗೋಡೆಯಲ್ಲಿ ಮುದುಕ ಸಿಮೆಯೋನ್ ಅದೇ ಮಗುವನ್ನು ಎತ್ತಿಕೊಂಡಿದ್ದಾನೆ. ಇವೆರಡರ ನಡುವೆ ನಿಂತರೆ ಮಗು ಆ ಕೈಯಿಂದ ಈ ಕೈಗೆ ನಮ್ಮ ತಲೆಯ ಮೇಲಿಂದಲೇ ಹಾದುಹೋದಂತೆ ಅನ್ನಿಸುತ್ತದೆ. ಈ ಎರಡು ಗೋಡೆಗಳನ್ನು ಬೇರೆ ಮಾಡಿ ಎರಡು ಮ್ಯೂಸಿಯಮ್ಮಿನಲ್ಲಿಟ್ಟರೆ ಎರಡೂ ಒಳ್ಳೆಯ ಚಿತ್ರಗಳೇ. ಆದರೆ ಆ ಹಾದುಹೋಗುವುದು ಎಲ್ಲಿ ಉಳಿದೀತು?

ನಾಲ್ಕನೆಯ ದಿನ: ಪೆದುಲಾಸ್

ಬೆಳಿಗ್ಗೆಯೇ ಮೋಡ. ಪೆದುಲಾಸ್ ಎತ್ತರದ ಊರು, ಚೆರ್ರಿ ಮರಗಳಿಗೆ ಹೆಸರುವಾಸಿ. ನಾವು ಹೋದಾಗ ಕೊಂಬೆಗಳು ಇನ್ನೂ ಬೋಳು. ದೇವದೂತ ಮಿಖಾಯೇಲನ ಚರ್ಚು ಊರ ಕೆಳಗಿನ ಬೀದಿಯಲ್ಲಿ ಮನೆಗಳ ನಡುವೆಯೇ ಇದೆ. ಮಿನಾಸ್ ಎಂಬ ಚಿತ್ರಕಾರ 1474ರಲ್ಲಿ ಬರೆದದ್ದು. ಆಸಿನುವಿನ ನಾಜೂಕು ಇಲ್ಲಿಲ್ಲ. ಹಳ್ಳಿಯ ಕೈ, ಬಣ್ಣ ತುಂಬಿ ತುಳುಕುತ್ತದೆ. ಬಾಗಿಲು ದಾಟಿದೊಡನೆ ಕತ್ತಿ ಹಿಡಿದ ಮಿಖಾಯೇಲ್ ಆಳೆತ್ತರಕ್ಕೆ ನಿಂತಿದ್ದಾನೆ.

ನನಗೆ ಇಷ್ಟವಾದದ್ದು ಈ ಚರ್ಚು ಕಟ್ಟಿಸಿದ ಪಾದ್ರಿಯ ಮನೆಯವರ ಚಿತ್ರ. ವಸಿಲಿಯೋಸ್ ಖಮಾದೋಸ್ ಅವನ ಹೆಸರು. ಆರ್ಥಡಾಕ್ಸ್ ಪಂಥದಲ್ಲಿ ಹಳ್ಳಿಯ ಪಾದ್ರಿಗಳು ಸಂಸಾರಸ್ಥರು. ಅವನು ಚರ್ಚಿನ ಮಾದರಿಯನ್ನು ಮಿಖಾಯೇಲನಿಗೆ ಒಪ್ಪಿಸುತ್ತಿದ್ದಾನೆ. ಹಿಂದೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಹಬ್ಬಕ್ಕೆ ಸಿದ್ಧರಾಗಿ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡವರ ಹಾಗೆ ನೆಟ್ಟಗೆ ನಿಂತಿದ್ದಾರೆ.

ನಾವು ಒಳಗಿದ್ದಾಗಲೇ ಮಳೆ ಬಂತು. ಈ ಚರ್ಚಿಗೆ ಕಲ್ಲಿನ ಕಮಾನಿಲ್ಲ, ಗೋಡೆಯ ಮೇಲೆ ನೇರವಾಗಿ ಮರದ ಮಾಡು. ಹಂಚಿನ ಮೇಲೆ ಮಳೆ ಬೀಳುವ ಸದ್ದು ತಲೆಯ ಮೇಲೆಯೇ ಕೇಳಿಸಿತು. ಮೊದಲು ಒಂದೊಂದೇ ಹನಿ, ಆಮೇಲೆ ಸುರಿತ. ನಾನು ಹುಟ್ಟಿ ಬೆಳೆದ ಸದ್ದು. ಬೀಗದ ಕೈ ಹಿಡಿದಿದ್ದ ಹೆಂಗಸು ನಮಗೆ ಹೊರಡಿ ಎನ್ನಲಿಲ್ಲ. ಬಾಗಿಲು ಅರ್ಧ ಎಳೆದು, ಗೋಡೆಯ ಬುಡದಲ್ಲಿ ಎಲ್ಲಾದರೂ ನೀರು ಜಿನುಗಿದೆಯೇ ಎಂದು ಒಂದು ಸುತ್ತು ಬಂದು ಅಂಗೈಯಲ್ಲಿ ಮುಟ್ಟಿ ನೋಡಿದಳು. ಮಿನಾಸನ ಬಣ್ಣದ ಅಂಚಿಗೂ ತಗಲದಂತೆ, ಬರಿಗಾರೆ ಇದ್ದಲ್ಲಿ ಮಾತ್ರ. ಆಮೇಲೆ ಪಾದ್ರಿಯ ಮಕ್ಕಳ ಚಿತ್ರದ ಪಕ್ಕದ ಬೆಂಚಿನಲ್ಲಿ ಕೂತು, ನಮಗೂ ಕೂರಲು ಕೈ ತೋರಿಸಿದಳು. ಮಳೆ ನಿಲ್ಲುವವರೆಗೆ ಮೂವರೂ ಅಲ್ಲೇ ಕೂತಿದ್ದೆವು.